ಮೂರನೇ ಎಲೆ ನೋಡಿ ಆಡಿದ ರಾಮನಾಥ

ಅಲ್ಲ ಪುಟ್ಟಿ, ಹಾಗಲ್ಲ. ‘ಪ್ರಸಿದ್ಧ ಫುಟ್‌ಬಾಲ್ ಆಟಗಾರ’ ಎಂದು ಬರೆದೆಯಲ್ಲ, ಅದನ್ನು ಹೊಡೆದುಹಾಕು. ರಾಮನಾಥ ಪ್ರಸಿದ್ಧನಲ್ಲ. ಪ್ರಸಿದ್ಧನಾಗಿದ್ದರೆ ಅವನ ಕಥೆ ಬರೆಯಲು ಪೇಪರಿನವರು ಸಾಲುಗಟ್ಟುತ್ತಿದ್ದರು, ಈ ಅಡುಗೆಮನೆ ಮೇಜಿನ ಮುಂದೆ ನೀನೂ ಕೂರಬೇಕಾಗಿರಲಿಲ್ಲ, ನಾನೂ ಬಾಯಿ ನೋಯಿಸಿಕೊಳ್ಳಬೇಕಾಗಿರಲಿಲ್ಲ. ಹೀಗೆ ಬರೆ: ಇಂಗ್ಲೆಂಡಿನಲ್ಲಿ ಹದಿಮೂರು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿ, ಒಂದೇ ಒಂದು ಕಪ್ಪನ್ನೂ ಕೈಯಲ್ಲಿ ಹಿಡಿಯದೆ, ಬಲ ಮಂಡಿ ಸವೆಸಿಕೊಂಡು ಅಮೆರಿಕದ ಹೇವರ್ಡಿಗೆ ಬಂದವನು ರಾಮನಾಥ. ಆಟ ಪೂರ್ತಿ ಬಿಡುವುದರೊಳಗೆ ಒಂದು ಸಲ, ಒಂದೇ ಸಲ, ಗೆದ್ದ ತಂಡದ ನಡುವೆ ನಿಂತು ಕಪ್ಪು ಎತ್ತಬೇಕು ಎನ್ನುವುದು ಅವನ ಆಸೆ. ದೊಡ್ಡ ಕಪ್ಪೇ ಆಗಬೇಕೆಂದಿಲ್ಲ. ಹೆಂಡತಿಯ ಹತ್ತಿರ ಕೂಡ ಅದನ್ನು ಬಾಯಿಬಿಟ್ಟು ಹೇಳಿದ್ದು ಎರಡೋ ಮೂರೋ ಸಲ ಇರಬೇಕು.

ಬರೆದೆಯಾ? ಸರಿ. ಇನ್ನು ಅವನ ಅಪ್ಪನಿಂದ ಶುರು ಮಾಡೋಣ. ಅಪ್ಪನನ್ನು ಬಿಟ್ಟರೆ ಈ ಕಥೆಗೆ ತಳವೇ ಇಲ್ಲ.

ರಘುರಾಮ ಭಟ್ಟರು ಉಡುಪಿ ಕಡೆಯವರು, ಅಡುಗೆಯವರು. ಮುಂಬಯಿಯ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು ಹಡಗಿನ ಅಡುಗೆಮನೆ ಸೇರಿದರು. ಹಡಗು ಸಾಕಾಗಿ ಇಂಗ್ಲೆಂಡಿನ ಉತ್ತರದಲ್ಲಿ ಒಂದು ಹತ್ತಿ ಗಿರಣಿಯ ಕ್ಯಾಂಟೀನು ಸೇರಿದರು. ಆ ಊರಿನ ಹೆಸರು ನನ್ನ ನಾಲಗೆಗೆ ಹತ್ತುವುದಿಲ್ಲ. ರಾಮನಾಥನ ಹೆಂಡತಿ ಸ್ನೇಹಲತಾ ಹೇಳಿದರೆ ಯಾರೋ ಸೀನಿದ ಹಾಗೆ ಕೇಳಿಸುತ್ತದೆ. ನಾಲ್ಕು ವರ್ಷದ ರಾಮನಾಥನನ್ನು ಎತ್ತಿಕೊಂಡು ಅವನಮ್ಮನೂ ಅಲ್ಲಿಗೆ ಹೋದರು. ಗಿರಣಿಯಲ್ಲಿ ಆಲೂಗೆಡ್ಡೆ ಬೇಯಿಸುವುದು ಭಟ್ಟರ ಹೊಟ್ಟೆಪಾಡು. ಭಾನುವಾರಗಳಲ್ಲಿ ಸುತ್ತಮುತ್ತಲ ನಮ್ಮ ದೇಶದವರ ಮನೆಗಳಲ್ಲಿ ನಾಮಕರಣ, ಮುಂಜಿ, ಸತ್ಯನಾರಾಯಣ ಪೂಜೆಗೆ ಅಡುಗೆ ಮಾಡುವುದು ಅವರ ನಿಜವಾದ ಬದುಕು. ಬಡಿಸಲು ಜನವಿಲ್ಲ. ಹಾಗಾಗಿ ಏಳು ವರ್ಷದ ಮಗನ ಕೈಗೆ ಸಾರಿನ ಬಕೆಟ್ಟು ಕೊಟ್ಟರು.

“ಮಾಣಿ, ಕೈ ಈ ಎಲೆಯಲ್ಲಿ, ಕಣ್ಣು ಮುಂದಿನ ಮೂರನೇ ಎಲೆಯಲ್ಲಿ. ಅಲ್ಲಿ ಎಂತ ಖಾಲಿ ಉಂಟು, ಯಾರು ಎದ್ದು ಹೋಗ್ಲಿಕ್ಕೆ ನೋಡ್ತಿದ್ದಾರೆ, ಎಲ್ಲ ಮೊದಲೇ ಕಾಣ್ಬೇಕು. ಬಡಿಸಿದ ಮೇಲೆ ಅಲ್ಲೇ ನಿಂತು ಹೊಗಳಿಸಿಕೊಳ್ಳುದಲ್ಲ. ಮುಂದೆ ಹೋಗ್ತಾ ಇರುದು.”

ಇದೊಂದೇ ಪಾಠ. ಸಾರು ಚೆಲ್ಲಿದರೆ ಬೈಯುತ್ತಿರಲಿಲ್ಲವಂತೆ, ಬಕೆಟ್ಟಿನೊಳಗೆ ಕಣ್ಣಿಟ್ಟು ನಡೆದರೆ ಸೌಟಿನ ಹಿಡಿಯಿಂದ ಬೆನ್ನಿಗೆ ಒಂದು ಬೀಳುತ್ತಿತ್ತಂತೆ.

ಹದಿನಾರನೇ ವಯಸ್ಸಿಗೆ ಊರಿನ ಫುಟ್‌ಬಾಲ್ ಕ್ಲಬ್ಬಿನವರು ರಾಮನಾಥನನ್ನು ಸೇರಿಸಿಕೊಂಡರು. ಸೇರಿಸಿಕೊಂಡ ತಕ್ಷಣ ಆಡಿಸುತ್ತಾರೆಂದು ತಿಳಿದೆಯಾ? ಮೊದಲೆರಡು ವರ್ಷ ಹಿರಿಯರ ಬೂಟಿನ ಕೆಸರು ಕೆರೆಯಬೇಕು, ಜನ ನಿಂತು ನೋಡುವ ಮೆಟ್ಟಿಲು ಗುಡಿಸಬೇಕು. ಅವನಮ್ಮ ಮಡಿ ಹೆಂಗಸು. ಊರವರ ಜೋಡು ತಿಕ್ಕಿ ಬಂದ ಮಗನನ್ನು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಕಳಿಸುತ್ತಿದ್ದರು, ಹಿಮ ಬೀಳುವ ಜನವರಿಯಲ್ಲೂ. ಪಾಪ, ಅವನಿಗೆ ಇವತ್ತಿಗೂ ತಣ್ಣೀರೆಂದರೆ ಆಗದು. ಇರಲಿ, ಎಲ್ಲಿದ್ದೆ?

ಹಾಂ. ಹದಿನೆಂಟಕ್ಕೆ ಆಟಕ್ಕಿಳಿದ. ಅವನ ಜಾಗ ಮೈದಾನದ ನಡುಮಧ್ಯೆ, ಮಿಡ್‌ಫೀಲ್ಡರ್ ಅನ್ನುತ್ತಾರೆ. ಗೋಲು ಹೊಡೆಯುವುದು ಮುಂದಿನವರ ಕೆಲಸ, ತಡೆಯುವುದು ಹಿಂದಿನವರ ಕೆಲಸ. ಹಿಂದಿನಿಂದ ಬಂದದ್ದನ್ನು ಮುಂದಿನವರಿಗೆ ತಲುಪಿಸುವುದು ಇವನ ಕೆಲಸ. ಚೆಂಡು ಕಾಲಿಗೆ ಬರುವ ಮೊದಲೇ ಎಡ ಭುಜದ ಮೇಲೊಮ್ಮೆ, ಬಲ ಭುಜದ ಮೇಲೊಮ್ಮೆ ತಿರುಗಿ ನೋಡಿಬಿಡುತ್ತಿದ್ದ.

“ನಿನಗೇನು ಬೆನ್ನಲ್ಲಿ ಕಣ್ಣಿದೆಯೇ? ಯಾರು ಕಲಿಸಿದರು?” ಎಂದು ಅಲ್ಲಿನ ಕೋಚು ಕೇಳಿದನಂತೆ.

“ಅಪ್ಪ. ಸಾರು ಬಡಿಸುವಾಗ,” ಎಂದನಂತೆ ಇವನು. ಕೋಚು ತಮಾಷೆ ಎಂದು ನಕ್ಕನಂತೆ.

ಇಂಗ್ಲೆಂಡಿನಲ್ಲಿ ಕ್ಲಬ್ಬುಗಳಿಗೆ ನಾಲ್ಕು ದರ್ಜೆ. ಇವನದು ನಾಲ್ಕನೆಯದು. ಮಳೆ, ಕೆಸರು, ಆರು ಗಂಟೆಯ ಬಸ್ ಪ್ರಯಾಣ, ಎರಡು ಸಾವಿರ ಜನ ಪ್ರೇಕ್ಷಕರು, ಅದರಲ್ಲಿ ಅರ್ಧ ಜನ ಬೈಯುವುದಕ್ಕೇ ಬಂದವರು. ಇವನ ಮೈಬಣ್ಣದ ಬಗ್ಗೆ ಕೂಗಿದ್ದನ್ನೆಲ್ಲ ನಿನ್ನ ಕೈಲಿ ಬರೆಸುವುದಿಲ್ಲ. ಮೂರು ಕ್ಲಬ್ಬು, ಮುನ್ನೂರನಲವತ್ತು ಮ್ಯಾಚು, ಒಂಬತ್ತು ಗೋಲು. ಪ್ರತಿ ವರ್ಷ ಮೊದಲ ನಾಲ್ಕು ಸ್ಥಾನದವರಿಗೆ ಮೇಲಿನ ದರ್ಜೆ. ಎಪ್ಪತ್ತೇಳನೇ ಇಸವಿಯಲ್ಲಿ ಕೊನೆಯ ಮ್ಯಾಚು ಸಮ ಮಾಡಿಕೊಂಡರೂ ಸಾಕಿತ್ತು. ಆವತ್ತು ಭಟ್ಟರು ಮೊದಲ ಬಾರಿಗೆ ಮಗನ ಆಟ ನೋಡಲು ಬಂದಿದ್ದರು, ಉದ್ದ ಕೋಟು ಹಾಕಿಕೊಂಡು, ಡಬ್ಬಿಯಲ್ಲಿ ಗೋಳಿಬಜೆ ತುಂಬಿಕೊಂಡು. ಒಂದು ಗೋಲಿನಿಂದ ಹಿಂದೆ ಇದ್ದಾಗ, ಕೊನೆಯ ನಿಮಿಷದಲ್ಲಿ ರಾಮನಾಥ ಕೊಟ್ಟ ಚೆಂಡು ಫಾರ್ವರ್ಡಿನ ಕಾಲಬುಡಕ್ಕೇ ಬಂತು, ಎದುರಿಗೆ ಗೋಲು ಕಾಯುವ ಗೋಲಿ ಕೂಡ ಇಲ್ಲ. ಅವನು ಆಕಾಶಕ್ಕೆ ಒದ್ದ. ಐದನೇ ಸ್ಥಾನ, ಅದೂ ಗೋಲುಗಳ ವ್ಯತ್ಯಾಸದಲ್ಲಿ.

ಆಟ ಮುಗಿದ ಮೇಲೆ ಗೇಟಿನ ಹತ್ತಿರ ಮಗನ ಕೈಗೆ ಗೋಳಿಬಜೆ ಇಟ್ಟು ಭಟ್ಟರು ಹೇಳಿದ್ದು ಇಷ್ಟೇ: “ನೀನು ಬಡಿಸಿದ್ದು ಸರಿಯೇ ಇತ್ತು ಮಾಣಿ. ಉಣ್ಣುವವನಿಗೆ ಹಸಿವೆ ಇರ್ಲಿಲ್ಲ.”

ಅದಾದ ಮೇಲೆ ಕಪ್ಪಿನ ಹತ್ತಿರ ಕೂಡ ಅವನು ಸುಳಿಯಲಿಲ್ಲ. ಮಂಡಿ ಕೆಟ್ಟಿತು. ಮಂಡಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಆಸ್ಪತ್ರೆಗೆ ಹೋದವನು ಅಲ್ಲಿನ ನರ್ಸಿನ ಜೊತೆ ಮದುವೆ ನಿಶ್ಚಯ ಮಾಡಿಕೊಂಡು ಬಂದ. ಅವಳೇ ಸ್ನೇಹಲತಾ, ಮಂಗಳೂರಿನವಳು, ಬಾಯಿ ಜೋರು, ಕೈ ಮೃದು. ಎಂಬತ್ತನಾಲ್ಕರಲ್ಲಿ ಇಲ್ಲಿ ಬೇ ಏರಿಯಾದ ಒಂದು ಕ್ಲಬ್ಬಿನವರು ಒಂದು ವರ್ಷಕ್ಕೆಂದು ಅವನನ್ನು ಕರೆಸಿಕೊಂಡರು. ಬಂದು ಆರೇಳು ತಿಂಗಳಾಗಿತ್ತು, ಲೀಗಿಗೇ ಬೀಗ ಬಿತ್ತು. ಅಮೆರಿಕದಲ್ಲಿ ಆಗ ಫುಟ್‌ಬಾಲ್ ನೋಡುವವರೇ ಇರಲಿಲ್ಲ ನೋಡು. ಸ್ನೇಹಲತಾಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಉಳಿದುಕೊಂಡರು. ರಾಮನಾಥ ಹೇವರ್ಡಿನ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಸೇರಿದ.

ಇನ್ನು ನಮ್ಮವರ ವಿಷಯ. ಹೇವರ್ಡಿನಲ್ಲಿ ಫೀಜಿ ದ್ವೀಪದಿಂದ ಬಂದ ಭಾರತೀಯರು ಬಹಳ ಇದ್ದಾರೆ. ಅವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಸೆಪ್ಟೆಂಬರಿನ ಲೇಬರ್ ಡೇ ರಜೆಯಲ್ಲಿ ಪ್ರತಿ ವರ್ಷ ಟೂರ್ನಮೆಂಟು ಇಡುತ್ತಾರೆ, ನಮ್ಮ ದೇಶದವರ ಎಲ್ಲ ಸಂಘಗಳನ್ನೂ ಕರೆಯುತ್ತಾರೆ. ಪಂಜಾಬಿಗಳು, ಬಂಗಾಳಿಗಳು, ಗೋವಾದವರು, ತಮಿಳರು, ಎಲ್ಲರೂ ಬರುತ್ತಾರೆ. ಗೆಲ್ಲುವವರು ಮಾತ್ರ ಫೀಜಿಯವರೇ. ನಮ್ಮ ಕನ್ನಡದವರ ತಂಡವೂ ಹೋಗುತ್ತಿತ್ತು. ಎಂಬತ್ತನಾಲ್ಕರಲ್ಲಿ ಒಂಬತ್ತು ಗೋಲು ಹೊಡೆಸಿಕೊಂಡು, ಮರದ ನೆರಳಲ್ಲಿ ಕೂತು ಪುಳಿಯೋಗರೆ ತಿಂದು ಮನೆಗೆ ಬಂದರು. ಒಬ್ಬರ ಮುಖದಲ್ಲೂ ಬೇಸರವಿಲ್ಲ.

ತಂಡದ ಕ್ಯಾಪ್ಟನ್ ಶೇಷಗಿರಿ. ಬಸವನಗುಡಿಯವನು, ಪಾಲೋ ಆಲ್ಟೋದಲ್ಲಿ ದೊಡ್ಡ ಇಂಜಿನಿಯರು. ಅವನಿಗೆ ರಾಮನಾಥನ ವಿಷಯ ಗೊತ್ತಾದದ್ದೇ ತಡ, ಫೋನು ಮಾಡಿದ.

“ಸಾರ್, ನೀವ್ ಬಂದ್ಬಿಡಿ ಸಾರ್. ನೀವಿದ್ರೆ ಮುಗೀತು. ನಾವು ಸುಮ್ನೆ ನಿಂತಿದ್ರೂ ಗೆಲ್ತೀವಿ.”

ನಮ್ಮವರು ಎಂಬತ್ತೈದರಲ್ಲಿ ಅಕ್ಷರಶಃ ಹಾಗೇ ಮಾಡಿದರು ಪುಟ್ಟಿ! ಸುಮ್ಮನೆ ನಿಂತರು. ಮದುವೆಗೆ ಅಡುಗೆಯವರನ್ನು ಗೊತ್ತುಮಾಡಿದ ಮೇಲೆ ಮನೆಯವರು ರೇಷ್ಮೆ ಸೀರೆ ಉಟ್ಟು ಕೂರುವುದಿಲ್ಲವೇ, ಹಾಗೆ. ಇವನನ್ನು ಎಲ್ಲರಿಗಿಂತ ಮುಂದೆ, ಗೋಲು ಹೊಡೆಯುವ ಜಾಗದಲ್ಲಿ ನಿಲ್ಲಿಸಿದರು. ಚೆಂಡು ಸಿಕ್ಕಿದವರೆಲ್ಲ ಇವನತ್ತ ಒದೆಯುವುದು, ಸೊಂಟದ ಮೇಲೆ ಕೈಯಿಟ್ಟು ನೋಡುವುದು. ಇವನು ಅಭ್ಯಾಸ ಬಲದಿಂದ ಭುಜದ ಮೇಲೆ ತಿರುಗಿ ನೋಡಿದರೆ, ಕೊಡಲು ಒಬ್ಬ ಇಲ್ಲ. ಬಂಗಾಳಿಗಳು ನಾಲ್ಕು ಜನ ಇವನನ್ನು ಸುತ್ತುವರಿದರು. ಐದು ಸೊನ್ನೆಯಲ್ಲಿ ಸೋತರು.

ಸೋತದ್ದಕ್ಕೆ ಈ ಸಲ ಮಾತ್ರ ಬೇಸರವಾಯಿತು. ಗೊತ್ತುಮಾಡಿದ ಅಡುಗೆಯವರು ಸರಿಯಿಲ್ಲ ಎನ್ನುವ ಬೇಸರ. ಊಟದ ಹೊತ್ತಿಗೆ ತಂಡದ ರಘೋತ್ತಮ ಬಾಯಿ ತೆಗೆದ. ಅವನು ಪಿಎಚ್‌ಡಿ ಮಾಡಿದವನು, ಲೆಕ್ಕ ಬಿಟ್ಟರೆ ಲೋಕವಿಲ್ಲ.

“ಮುನ್ನೂರನಲವತ್ತು ಮ್ಯಾಚಿಗೆ ಒಂಬತ್ತು ಗೋಲು ಅಂದ್ರೆ, ಮೂವತ್ತೆಂಟು ಮ್ಯಾಚಿಗೆ ಒಂದು. ಅಲ್ಲಾ ಸಾರ್, ಫೋರ್ತ್ ಡಿವಿಷನ್ನು ಅಂದ್ರೆ ಥರ್ಡ್ ಕ್ಲಾಸಿಗಿಂತ ಕೆಳಗಾಯ್ತಲ್ವಾ? ನಮ್ಮಲ್ಲಿ ಥರ್ಡ್ ಕ್ಲಾಸ್ ಆದ್ಮೇಲೆ ಫೇಲೇ.”

ನಮ್ಮ ಜನಕ್ಕೆ ಫಸ್ಟ್ ಕ್ಲಾಸು, ರ್‍ಯಾಂಕು ಬಿಟ್ಟರೆ ಬೇರೆ ಅಳತೆ ಗೊತ್ತಿಲ್ಲ. ಸ್ನೇಹಲತಾ ಮೊಸರನ್ನದ ಚಮಚ ಕೆಳಗಿಟ್ಟಳು.

“ರಘೋತ್ತಮರೇ, ಆ ದೇಶದಲ್ಲಿ ಓಣಿ ಓಣಿಯಲ್ಲಿ ಮಕ್ಕಳು ಚೆಂಡು ಒದಿತಾ ಇರ್ತಾರೆ. ಅದರಲ್ಲಿ ಸಂಬಳ ಕೊಟ್ಟು ಆಡಿಸುದು ಎಷ್ಟು ಜನರನ್ನು, ಗೊತ್ತುಂಟಾ? ಲೆಕ್ಕ ಹಾಕಿ ನೋಡಿ. ನಿಮ್ಮ ಪಿಎಚ್‌ಡಿ ಅದರ ಎದುರು ಎಂತದೂ ಅಲ್ಲ.”

“ಬಿಡು ಮಾರಾಯ್ತಿ,” ಎಂದ ರಾಮನಾಥ. ಮನೆಗೆ ಹೋಗಿ ಬೂಟಿಗೆ ಹಳೆ ಪೇಪರು ತುರುಕಿ ಗರಾಜಿನ ಮೇಲಿನ ಹಲಗೆಗೆ ಎತ್ತಿಟ್ಟ. ಸ್ನೇಹಲತಾ ಕೇಳಿದ್ದಕ್ಕೆ, “ಮೂವತ್ತೆರಡು ವರ್ಷ ಆಯ್ತು. ಇನ್ನೆಂತ ಕಪ್ಪು?” ಎಂದನಂತೆ. ಅವಳು ಇದನ್ನು ಹೇಳುವಾಗ ಈಗಲೂ ಮೂಗು ಕೆಂಪಾಗುತ್ತದೆ.

ಆ ಚಳಿಗಾಲವೆಲ್ಲ ಅವನು ಯಾರ ಮನೆಗೂ ಹೋಗಲಿಲ್ಲ. ಎಂಬತ್ತಾರರ ಯುಗಾದಿಗೆ ಮಾತ್ರ ಸ್ನೇಹಲತಾ ಬಿಡಲಿಲ್ಲ, ಲಿವರ್‌ಮೋರಿಗೆ ಎಳೆದುಕೊಂಡು ಬಂದಳು. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಊಟದ ಹಾಲಿಗೆ. ಮುನ್ನೂರು ಜನ. ಕುರ್ಚಿ ಮೇಜು ಬೇಡ, ನೆಲದ ಮೇಲೆ ಪಂಕ್ತಿಯಲ್ಲೇ ಕೂರಿಸಿ ಬಡಿಸಬೇಕು ಎಂದು ಹಿರಿಯರ ಹಟ. ಬಾಳೆಲೆ ಎಲ್ಲಿಂದ ಬರಬೇಕು, ಕಾಗದದ ತಟ್ಟೆ. ಆದರೂ ಎಲೆ ಎಂದೇ ಅನ್ನುವುದು.

ಬಡಿಸುವ ಹೊಣೆ ಫುಟ್‌ಬಾಲ್ ತಂಡದವರದು. ಶೇಷಗಿರಿ ಆಫೀಸಿನಿಂದ ಪ್ರೊಜೆಕ್ಟರು ತಂದು, ಗೋಡೆಯ ಮೇಲೆ ಬಾಣದ ಗುರುತಿನ ನಕ್ಷೆ ಬಿಟ್ಟು, ಪಲ್ಯ ಯಾವ ದಿಕ್ಕಿನಿಂದ, ಹುಳಿ ಯಾವ ದಿಕ್ಕಿನಿಂದ ಎಂದು ಅರ್ಧ ಗಂಟೆ ವಿವರಿಸಿದ್ದ. ಆ ಇಂಜಿನಿಯರುಗಳು ಜನ್ಮದಲ್ಲಿ ಒಂದು ಸೌಟು ಹಿಡಿದವರಲ್ಲ. ಚಿಕ್ಕಂದಿನಲ್ಲಿ ಅವರಿಗೆ ಅಮ್ಮ ಬಡಿಸಿದರು, ಆಮೇಲೆ ಹೆಂಡತಿ ಬಡಿಸಿದಳು. ಏನಾಗಬೇಕೋ ಅದೇ ಆಯಿತು. ಹಿರಿಯರು ಕೂತ ಸಾಲಿಗೇ ಬಡಿಸುವ ಆರು ಜನವೂ ಒಟ್ಟಿಗೆ ನುಗ್ಗಿದರು. ಶೇಷಗಿರಿಯ ಅತ್ತೆಯ ಎಲೆಯಲ್ಲಿ ನಾಲ್ಕು ಹೋಳಿಗೆ, ಕೊನೆಯ ಸಾಲಿಗೆ ಬರೀ ಉಪ್ಪು, ಉಪ್ಪಿನಕಾಯಿ. ಅನ್ನಕ್ಕಿಂತ ಮೊದಲು ಸಾರು ಬಂದು, ಕಾಗದದ ತಟ್ಟೆಯಿಂದ ಹೊಳೆಯಾಗಿ ಹೊಸ ಸೀರೆಗಳಿಗೆ ಹರಿಯಿತು.

“ರೀ! ಆ ಕಡೆ ಯಾರ್ರೀ ನೋಡ್ಕೊತಿರೋದು?” ಎಂದು ಶೇಷಗಿರಿಯ ಹೆಂಡತಿ ಸತ್ಯವತಿ ಅಡುಗೆಮನೆ ಬಾಗಿಲಿನಿಂದ ಕೂಗಿದಳು.

“ಚಾರ್ಟ್ ಪ್ರಕಾರಾನೇ ಮಾಡ್ತಿದೀವಿ ಕಣೇ!” ಎಂದು ಶೇಷಗಿರಿ ಅಲ್ಲಿಂದಲೇ ಕೂಗಿದ.

ಕೊನೆಯ ಸಾಲಿನಲ್ಲಿ ಉಪ್ಪಿನಕಾಯಿ ನೋಡುತ್ತ ಕೂತಿದ್ದ ರಾಮನಾಥ ಎದ್ದ.

“ಅಯ್ಯೋ, ಎಲೆ ಮುಂದೆ ಕೂತವ್ರು ಏಳ್ಬಾರ್ದು,” ಎಂದಳು ಸತ್ಯವತಿ.

“ನಾನು ಏಳದಿದ್ರೆ ಇವತ್ತು ಯಾರಿಗೂ ಊಟ ಇಲ್ಲ ಅಕ್ಕ,” ಎಂದು ಪ್ಯಾಂಟಿನ ಮೇಲೊಂದು ಟವೆಲ್ಲು ಸುತ್ತಿಕೊಂಡ. ಅಲ್ಲಿಂದ ಅವನ ದನಿಯೇ ಬೇರೆಯಾಯಿತು ನೋಡು. ವರ್ಷವಿಡೀ ನಾಲ್ಕು ಮಾತಾಡದವನು! “ಶೇಷಗಿರಿ, ನೀವು ಅನ್ನ, ಎಲ್ಲರಿಗಿಂತ ಮುಂದೆ. ಸಾರು ಅವರಿಂದ ಐದು ಎಲೆ ಹಿಂದೆ. ಇಬ್ಬರು ಒಂದೇ ಎಲೆಯ ಎದುರು ನಿಲ್ಲುದು ಬೇಡ. ರಘೋತ್ತಮರೇ, ಬಕೆಟ್ಟಿನ ಒಳಗೆ ಎಂತ ನೋಡ್ತೀರಿ? ಬಕೆಟ್ಟು ಎಲ್ಲಿಗೂ ಓಡಿ ಹೋಗುದಿಲ್ಲ. ಮುಂದಿನ ಮೂರನೇ ಎಲೆ ನೋಡಿ. ಬಡಿಸಿದ್ರಾ? ನಡೀರಿ, ನಡೀರಿ!”

ಹತ್ತು ನಿಮಿಷಕ್ಕೆ ಪಂಕ್ತಿ ನೀರು ಹರಿದ ಹಾಗೆ ಹರಿಯಿತು. ಇವನು ನಡುವೆ ನಿಂತು, ಕುಂಟುಗಾಲಿನಲ್ಲೇ ಆ ಕಡೆ ಈ ಕಡೆ ತಿರುಗುತ್ತ, ಯಾರ ಬಕೆಟ್ಟು ತಳ ಕಂಡಿದೆಯೋ ಅವರ ಕೈಗೆ ತುಂಬಿದ ಬಕೆಟ್ಟು ಕೊಡುತ್ತಿದ್ದ. ಹೋಳಿಗೆ ಹಿಡಿದು ನಿಂತಿದ್ದ ಡಾಕ್ಟರ್ ಶಿವರುದ್ರಪ್ಪನ ಕೈ ಒಂದು ಕ್ಷಣ ನಿಂತೇ ಹೋಯಿತು. ಧಾರವಾಡದ ಕಡೆಯವನು, ಎತ್ತರದ ಆಳು, ದೊಡ್ಡ ಹೊಟ್ಟೆ, ತಂಡದ ಗೋಲಿ ಅವನೇ.

“ಏ ಶೇಷಗಿರಿ, ಇಲ್ಲಿ ನೋಡೋ! ಹೋದ ವರ್ಷ ನಾವು ಗ್ರೌಂಡಿನ್ಯಾಗ ಮಾಡಿದ್ದೂ ಇದನ್ನ. ಎಲ್ಲಾರೂ ಒಂದ ಎಲಿಗೆ ಮುಕರಿದ್ವಿ. ಈ ಮನಿಶಾನ್ನ ಹಿಡಕೊಂಡು ಹೋಗಿ ಗೋಲಿನ ಮುಂದ ನಿಲ್ಲಿಸಿದ್ವಲ್ಲೋ, ಇಂವ ನಡುವ ಇರಬೇಕಾದಾಂವ!”

ಶೇಷಗಿರಿ ಗೋಡೆಯ ಮೇಲಿನ ನಕ್ಷೆ ನೋಡಿದ, ರಾಮನಾಥನನ್ನು ನೋಡಿದ, ಹೋಗಿ ಪ್ರೊಜೆಕ್ಟರು ಆರಿಸಿದ. ಊಟವಾದ ಮೇಲೆ ಶೇಷಗಿರಿ, ಶಿವರುದ್ರಪ್ಪ, ರಘೋತ್ತಮ ಮೂವರೂ ಬಂದು ಅವನ ಮುಂದೆ ನಿಂತರು. ರಘೋತ್ತಮನ ಮುಖ ನೆಲ ನೋಡುತ್ತಿತ್ತು.

“ತಪ್ಪಾಯ್ತು ಸಾರ್. ಈ ವರ್ಷ ನೀವು ಹೇಳಿದ ಹಾಗೆ,” ಎಂದ ಶೇಷಗಿರಿ.

ರಾಮನಾಥ ಮಜ್ಜಿಗೆ ಕುಡಿದು ಮುಗಿಸಿದ. “ನನ್ನ ಮಂಡಿ ಅರ್ಧ ಗಂಟೆಗಿಂತ ಹೆಚ್ಚು ಕೇಳುದಿಲ್ಲ,” ಎಂದ. “ಮತ್ತೆ, ಮೊದಲ ನಾಲ್ಕು ಭಾನುವಾರ ಯಾರೂ ಚೆಂಡು ಮುಟ್ಟುದು ಬೇಡ.”

ಅದೇನು ಅಭ್ಯಾಸವೋ, ಹೇವರ್ಡಿನ ಮೈದಾನದಲ್ಲಿ ಓಡಲು ಬರುವವರೆಲ್ಲ ನಿಂತು ನೋಡುತ್ತಿದ್ದರು. ಹುಲ್ಲಿನ ಮೇಲೆ ಉದ್ದಕ್ಕೂ ಕಾಗದದ ಲೋಟಗಳ ಸಾಲು. ನಮ್ಮ ಇಂಜಿನಿಯರು ಡಾಕ್ಟರುಗಳು ನೀರು ತುಂಬಿದ ಬಕೆಟ್ಟು ಹಿಡಿದು, ತಲೆ ಎತ್ತಿ, ಬಗ್ಗುತ್ತ ಏಳುತ್ತ ಲೋಟ ತುಂಬಿಸುತ್ತ ಓಡಬೇಕು. ಮೂರನೇ ಲೋಟದ ಹತ್ತಿರ ರಾಮನಾಥ ಬೆರಳು ಎತ್ತಿ ನಿಂತಿರುತ್ತಿದ್ದ. ಎಷ್ಟು ಬೆರಳು ಎಂದು ಕೂಗಿ ಹೇಳಬೇಕು.

“ನಾನು ಪಿಎಚ್‌ಡಿ ಮಾಡಿದ್ದು ಬಕೆಟ್ ಹೊರೋದಕ್ಕಲ್ಲ,” ಎಂದು ರಘೋತ್ತಮ ಗೊಣಗುತ್ತಿದ್ದ.

“ಎಷ್ಟು ಬೆರಳು?”

“ಎರಡು! ಅಲ್ಲ, ಮೂರು!”

“ಚೆಲ್ಲಿತು. ಮೊದಲಿನಿಂದ.”

ಐದನೇ ಭಾನುವಾರ ಚೆಂಡು ಬಂತು. ಬಂದಾಗ ಯಾರೂ ಅದರ ಹಿಂದೆ ಗುಂಪು ಕಟ್ಟಿ ಓಡಲಿಲ್ಲ. ಕೂಗುವ ಮಾತೂ ಪಂಕ್ತಿಯದೇ ಆಯಿತು. ಹತ್ತಿರದವನಿಗೆ ಕೊಡು ಎನ್ನಲು ‘ಅನ್ನ’. ದೂರಕ್ಕೆ ಎತ್ತಿ ಕೊಡು ಎನ್ನಲು ‘ಸಾರು’. ಗೋಲಿನ ಬಾಯಿಗೆ ಹಾಕು ಎನ್ನಲು ‘ಹೋಳಿಗೆ’. ಅದಕ್ಕೆ ಮೊದಲು ಪಾಯಸ ಎಂದಿತ್ತು. ಪಾಯಸವೆಂದರೆ ಬಂಗಾಳಿಗಳಿಗೂ ಗೊತ್ತಾಗಿಬಿಡುತ್ತದೆ ಎಂದು ಶಿವರುದ್ರಪ್ಪ ಬದಲಾಯಿಸಿದ.

ಲೇಬರ್ ಡೇ ಬಂತು. ಮೊದಲ ದಿನ ಗೋವಾದವರನ್ನು ಎರಡು ಒಂದರಲ್ಲಿ ಸೋಲಿಸಿದಾಗ ನಮ್ಮ ಹೆಂಗಸರೇ ನಂಬಲಿಲ್ಲ. ಬಂಗಾಳಿಗಳನ್ನು ಒಂದು ಸೊನ್ನೆಯಲ್ಲಿ ಸೋಲಿಸಿದಾಗ ಸತ್ಯವತಿ ಪಾಲೋ ಆಲ್ಟೋದಿಂದ ಹಿಡಿದು ಗೊತ್ತಿದ್ದವರಿಗೆಲ್ಲ ಫೋನು ಹಚ್ಚಿದಳು. ಸೋಮವಾರ ಮಧ್ಯಾಹ್ನ ಫೈನಲ್ಲಿಗೆ ನಲವತ್ತು ಕಾರು ಬಂದವು. ಎದುರಿಗೆ ಫೀಜಿಯವರು, ಆರು ವರ್ಷದಿಂದ ಸೋಲದವರು.

ಅರ್ಧರ್ಧ ಗಂಟೆಯ ಎರಡು ಭಾಗದ ಆಟ. ಮೊದಲ ಭಾಗದಲ್ಲಿ ರಾಮನಾಥ ಹೊರಗೆ ಕೂತಿದ್ದ. ಮೇಜಿನ ಮೇಲೆ ಗೆದ್ದವರ ಕಪ್ಪು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು, ಅವನು ಮಾತ್ರ ಅತ್ತ ತಿರುಗಲಿಲ್ಲ. ಇನ್ನೊಂದು ಎಪ್ಪತ್ತೇಳಾದರೆ ತಡೆದುಕೊಳ್ಳಲು ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಫೀಜಿಯವರು ಒಂದು ಗೋಲು ಹೊಡೆದರು. ಇನ್ನೂ ಮೂರು ಆಗಬೇಕಿತ್ತು. ಒಂದನ್ನು ಶಿವರುದ್ರಪ್ಪ ಕೈಯಿಂದ ತಡೆದ, ಒಂದನ್ನು ಕಾಲಿನಿಂದ, ಇನ್ನೊಂದು ಅವನ ಹೊಟ್ಟೆಗೆ ತಾನಾಗಿ ಬಂದು ಬಡಿಯಿತು.

“ಯವ್ವಾ, ಹೆಂಡ್ತಿ ಹೊಟ್ಟಿ ಕರಗಿಸ್ರಿ ಅಂತಿದ್ಲು, ಇನ್ನ ಅಕಿ ಬಾಯಿ ಮುಚ್ಚಿತು!” ಎಂದು ಅವನು ಕೂಗಿದ್ದು ಆಚೆ ಬೀದಿಗೂ ಕೇಳಿಸಿತು.

ಮಧ್ಯಂತರದಲ್ಲಿ ಸ್ನೇಹಲತಾ ಗಂಡನ ಮಂಡಿಗೆ ಪಟ್ಟಿ ಬಿಗಿದಳು. “ಅರ್ಧ ಗಂಟೆ. ಮೂವತ್ತೊಂದನೇ ನಿಮಿಷಕ್ಕೆ ನಾನೇ ಒಳಗೆ ಬಂದು ಎಳ್ಕೊಂಡು ಹೋಗ್ತೇನೆ.”

“ಆಯ್ತು ಮಾರಾಯ್ತಿ.”

ಅವನು ಒಳಗೆ ಹೋಗಿ ನಡುಮಧ್ಯೆ ನಿಂತ. ಓಡಲೇ ಇಲ್ಲ ಪುಟ್ಟಿ. ನಡೆದಾಡಿದ. ಎಡ ಭುಜ, ಬಲ ಭುಜ, ಎಡ ಭುಜ. ಚೆಂಡು ಬಂದರೆ ಅವನ ಹತ್ತಿರ ಒಂದು ಕ್ಷಣ ಕೂಡ ಇರುತ್ತಿರಲಿಲ್ಲ. ಅನ್ನ, ಅನ್ನ, ಸಾರು. ಅನ್ನ, ಸಾರು. ಫೀಜಿಯ ಹುಡುಗರು ಅವನ ಮೇಲೆ ಇಬ್ಬರು ಬಂದರೆ, ಅಷ್ಟರಲ್ಲಿ ಚೆಂಡು ಆಚೆ ದಡದಲ್ಲಿ. ಇಪ್ಪತ್ತನೇ ನಿಮಿಷಕ್ಕೆ ಅವನು ಎತ್ತಿ ಕೊಟ್ಟ ಚೆಂಡು ಶೇಷಗಿರಿಯ ಹಣೆಗೆ ಬಡಿದು ಒಳಗೆ ಹೋಯಿತು. ಕೂದಲು ಕೆಡುತ್ತದೆಂದು ಯಾವತ್ತೂ ತಲೆಯೊಡ್ಡದವನು, ಆವತ್ತು ಒಡ್ಡಿದ. ಒಂದು ಒಂದು.

ಇನ್ನು ಎರಡೇ ನಿಮಿಷ. ಮಂಡಿ ಉರಿಯುತ್ತಿತ್ತು. ಆಗ ಅವನಿಗೇ ದಾರಿ ತೆರೆಯಿತು. ಎದುರಿಗೆ ಒಬ್ಬನೇ ಗೋಲಿ, ಇಪ್ಪತ್ತು ಹೆಜ್ಜೆ ದೂರ. ನಲವತ್ತು ಕಾರಿನ ಜನ ಎದ್ದು ನಿಂತು “ಹೊಡೀ! ಹೊಡೀ!” ಎಂದು ಬೊಬ್ಬೆ ಹಾಕಿದರು. ಅವನು ಕಾಲು ಎತ್ತಿಯೂ ಇದ್ದ. ಹದಿಮೂರು ವರ್ಷ ಕಾದದ್ದು ಅಲ್ಲಿತ್ತು, ಬಲೆಯ ಒಳಗೆ. ಗೋಲಿ ಮುಂದೆ ಬಂದು ದಾರಿ ಕಿರಿದು ಮಾಡುತ್ತಿದ್ದುದನ್ನು ಕಂಡ. ಅಷ್ಟರಲ್ಲಿ ಕಣ್ಣು ತಾನಾಗಿ ಆಚೆಗೆ ಹೋಯಿತು. ಬಲ ತುದಿಯಲ್ಲಿ, ಯಾರೂ ಕಾಯದ ಜಾಗದಲ್ಲಿ, ಕನ್ನಡಕಕ್ಕೆ ಹೆಂಡತಿಯ ಲಂಗದ ಲಾಡಿ ಕಟ್ಟಿಕೊಂಡು ಓಡಿ ಬರುತ್ತಿದ್ದವನು ರಘೋತ್ತಮ.

“ಹೋಳಿಗೆ ಸಾರ್! ಹೋಳಿಗೆ!”

ಎತ್ತಿದ ಕಾಲು ಮೆತ್ತಗೆ ಇಳಿಯಿತು. ಚೆಂಡು ಗೋಲಿಯ ಪಕ್ಕದಿಂದ ಜಾರಿ, ರಘೋತ್ತಮನ ಮುಂದೆ ಎಲೆಗೆ ಬಡಿಸಿದ ಹಾಗೆ ಬಂದು ನಿಂತಿತು. ರಘೋತ್ತಮ ಪಾದದಲ್ಲಿ ಹೊಡೆಯಲು ಹೋಗಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ಹೊಡೆದ. ಹೊಡೆದು ತಾನೂ ಬಿದ್ದ. ಚೆಂಡು ಉರುಳಿ ಉರುಳಿ, ಹೋಗಲೋ ಬೇಡವೋ ಎಂದು ಯೋಚಿಸಿ, ಒಳಗೆ ಹೋಯಿತು.

ಅಲ್ಲಿಂದಾಚೆಗೆ ಯಾರು ಯಾರನ್ನು ತಬ್ಬಿಕೊಂಡರೋ ನನ್ನನ್ನು ಕೇಳಬೇಡ. ಸತ್ಯವತಿ ಪುಳಿಯೋಗರೆಯ ಪಾತ್ರೆ ಬಡಿದು ಸದ್ದು ಮಾಡಿದಳು. ರಘೋತ್ತಮ ಓಡಿ ಬಂದು ರಾಮನಾಥನ ಕಾಲು ಹಿಡಿದ, ಇವನು “ಎಂತ ಮಾರಾಯ, ಏಳು, ಮಂಡಿ ಉಂಟಲ್ಲಾ!” ಎಂದು ಬೊಬ್ಬೆ ಹಾಕಿದ. ಫೀಜಿಯ ಕ್ಯಾಪ್ಟನ್ನು ಬಂದು ಕೈ ಕುಲುಕಿದ.

“ಅರೇ ಭೈಯಾ, ಯೇ ಹೋಳಿಗೆ ಕ್ಯಾ ಚೀಜ್ ಹೈ?” ಈ ಹೋಳಿಗೆ ಎಂದರೆ ಏನು ಎಂದು ಅವನು ಕೇಳಿದ್ದು.

ಸತ್ಯವತಿ ಅವನ ಕೈಗೆ ಎರಡು ಹೋಳಿಗೆ, ಮೇಲೆ ತುಪ್ಪ ಹಾಕಿ ಕೊಟ್ಟಳು. ತಿಂದು ಮುಗಿಸಿ ಅವನು, “ಇದಕ್ಕೆ ಸೋತೆವು ಅಂದರೆ ಪರವಾಗಿಲ್ಲ” ಎಂದು ಹಿಂದಿಯಲ್ಲಿ ಹೇಳಿದನಂತೆ.

ಕಪ್ಪು ಕೊಡುವಾಗ ಕ್ಯಾಪ್ಟನ್ ಎಂದು ಶೇಷಗಿರಿಯನ್ನು ಕರೆದರು. ಅವನು ಕದಲಲಿಲ್ಲ, ರಾಮನಾಥನ ಬೆನ್ನಿಗೆ ಕೈಹಚ್ಚಿ ಮುಂದೆ ನೂಕಿದ. ಇವನು ಕಪ್ಪನ್ನು ಮೊದಲು ಎರಡು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದ, ಮಗುವನ್ನು ಕೊಟ್ಟರೆ ಗಂಡಸರು ನೋಡುತ್ತಾರಲ್ಲ, ಹಾಗೆ. ಆಮೇಲೆ ಎತ್ತಿದ. ತಲೆಯ ಮೇಲೆ, ಕೈ ಎಟುಕುವವರೆಗೂ ಎತ್ತಿದ. ಸ್ನೇಹಲತಾ ಮೂವತ್ತೊಂದನೇ ನಿಮಿಷ ಆಯಿತೆಂದು ಹೇಳುವುದನ್ನೇ ಮರೆತಳು.

ಮಾರನೆಯ ಬೆಳಿಗ್ಗೆ ಇಂಗ್ಲೆಂಡಿಗೆ ಫೋನು ಮಾಡಿದ. ಅಲ್ಲಿ ಸಂಜೆಯ ಕಾಫಿ ಹೊತ್ತು.

“ಅಪ್ಪಾ, ಕಪ್ಪು ಸಿಕ್ಕಿತು.”

ಭಟ್ಟರಿಗೆ ಕಿವಿ ಮಂದ. ಇನ್ನೊಮ್ಮೆ ಹೇಳಿಸಿಕೊಂಡರು. “ಗೋಲು ಯಾರು ಹೊಡೆದದ್ದು?”

“ಬೇರೆಯವರು. ನಾನು ಬಡಿಸಿದೆ.”

“ಉಣ್ಣುವವರಿಗೆ ಹಸಿವೆ ಇತ್ತಾ?”

“ಇತ್ತು ಅಪ್ಪಾ. ಭಯಂಕರ ಇತ್ತು.”

ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು. ಆಮೇಲೆ, “ಸಾಕು ಮಾಣಿ. ಸಾಕು,” ಎಂದರಂತೆ.

ಬರೆದೆಯಾ? ಕಣ್ಣು ಒರೆಸಿಕೋ, ಅಕ್ಷರ ಕಲಸಿಹೋಗುತ್ತದೆ. ಇನ್ನೇನಿದೆ? ಆ ಫೀಜಿಯ ಕ್ಯಾಪ್ಟನ್ನೇ ಆರು ತಿಂಗಳೊಳಗೆ ಬಂದು, ನಮ್ಮ ಮಕ್ಕಳ ಕ್ಲಬ್ಬಿಗೆ ನೀನೇ ಕೋಚಾಗಬೇಕು ಎಂದು ಹಟ ಹಿಡಿದ. ರಾಮನಾಥ ವೇರ್‌ಹೌಸು ಬಿಟ್ಟ. ಈಗ ಅವನ ಕೈಕೆಳಗೆ ಎಂಟು ತಂಡ, ಅದರಲ್ಲಿ ಮೂರು ಹೆಣ್ಣುಮಕ್ಕಳದು. ಬಿಳಿಯ ಮಕ್ಕಳು, ಮೆಕ್ಸಿಕೋದ ಮಕ್ಕಳು, ಎಲ್ಲರೂ ಬಕೆಟ್ಟು ಹಿಡಿದು ಓಡುತ್ತಾರೆ. ಎಲ್ಲರೂ “ಅನ್ನ! ಸಾರು!” ಎಂದೇ ಕೂಗುತ್ತಾರೆ.

ಕಪ್ಪನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ತಂಡದವರು ಎಷ್ಟು ಹೇಳಿದರೂ ಅವನು ಒಂದೇ ತಿಂಗಳು ಇಟ್ಟುಕೊಂಡದ್ದು. ಆಮೇಲೆ ತಾನೇ ಕಾರಿನಲ್ಲಿ ತಂದು ಸತ್ಯವತಿಗೆ ಕೊಟ್ಟ, ತಿಂಗಳಿಗೊಂದು ಮನೆ ಎಂದ. ಆಗ ನವರಾತ್ರಿ. ಸತ್ಯವತಿ ಅದನ್ನು ಗೊಂಬೆಗಳ ನಡುವೆ ಇಡಬೇಕೆಂದು, ಹೊಳೆಯಲಿ ಎಂದು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಅದು ಹಿತ್ತಾಳೆಯೇ? ಪ್ಲಾಸ್ಟಿಕ್ಕಿನ ಮೇಲೆ ಬಂಗಾರದ ಬಣ್ಣ. ಒಂದು ಮಗ್ಗುಲು ಪೂರ್ತಿ ಬಿಳಿಚಿಕೊಂಡಿತು. ಅವಳು ಅಳುತ್ತ ಫೋನು ಮಾಡಿದರೆ ರಾಮನಾಥ ನಕ್ಕು ನಕ್ಕು, “ಗೋಡೆ ಕಡೆಗೆ ಆ ಮಗ್ಗುಲು ತಿರುಗಿಸಿ ಇಡಿ ಅಕ್ಕ” ಎಂದನಂತೆ. ಅಂದಿನಿಂದ ಎಲ್ಲ ಮನೆಯಲ್ಲೂ ಹಾಗೇ ಇಡುವುದು.

ಈ ತಿಂಗಳು ನಮ್ಮ ಸರದಿ ಮುಗಿಯಿತು ಪುಟ್ಟಿ. ನಿನಗೆ ಲೈಸೆನ್ಸು ಬಂತಲ್ಲ, ಪೆನ್ನು ಮುಚ್ಚಿಟ್ಟು ಏಳು. ಕಪ್ಪು ದೇವರ ಮನೆಯಲ್ಲಿದೆ, ನನ್ನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಲಿವರ್‌ಮೋರಿಗೆ ತೆಗೆದುಕೊಂಡು ಹೋಗಿ ಶಿವರುದ್ರಪ್ಪನ ಮನೆಯಲ್ಲಿ ಕೊಟ್ಟು ಬಾ. ಹುಣಸೆಹಣ್ಣು ಮುಟ್ಟಿಸಬಾರದೆಂದು ಅವನ ಹೆಂಡತಿಗೆ ಮರೆಯದೆ ಹೇಳು. ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕು. ಫ್ರೀವೇಯಲ್ಲಿ ನಿಧಾನ.